ಅಡಿವೆಯ್ಯ ಮಾಸ್ತರರು ಪುಕ್ಕ ಕೊಂಡದ್ದು

ಹಳಿಯಾಳದ ಅಡಿವೆಯ್ಯ ಮಾಸ್ತರರಿಗೆ ಸುಳ್ಳು ಹೇಳುವ ಚಟ ಇರಲಿಲ್ಲ. ಆದರೆ 'ನನಗ ಗೊತ್ತಿಲ್ಲ' ಅನ್ನುವ ಚಟವೂ ಇರಲಿಲ್ಲ. ಈ ಎರಡು ಗುಣ ಒಬ್ಬನೇ ಮನುಷ್ಯನಲ್ಲಿ ಕೂಡಿಬಿಟ್ಟರೆ ಎಂಥೆಂಥ ಫಜೀತಿಗಳಾಗುತ್ತವೆ ಅನ್ನುವುದನ್ನು ಅವರ ಹೆಂಡತಿ ಕಾಶೆವ್ವನನ್ನು ಕೇಳಬೇಕು. ಮಾಸ್ತರರು ಒಮ್ಮೆ ಸಾಲಿಯ ಗಡಿಯಾರ ರಿಪೇರಿ ಮಾಡಿದ್ದರು. ಅಂದಿನಿಂದ ಅದು ಗಂಟೆ ಬಾರಿಸುತ್ತಿತ್ತು, ವೇಳೆ ಮಾತ್ರ ತೋರಿಸುತ್ತಿರಲಿಲ್ಲ. 'ಸದ್ದರ ಮಾಡ್ತೈತಲ್ಲ, ಇನ್ನೇನ ಬೇಕು?' ಎಂದು ಅವರೇ ಹೆಡ್ಮಾಸ್ತರರನ್ನು ದಬಾಯಿಸಿದ್ದರು.

ಮಗಳು ಶಂಕ್ರವ್ವನಿಗೆ ಇಪ್ಪತ್ತು ದಾಟಿತ್ತು. ಆ ಕಾಲಕ್ಕೆ ಅದು ಓಣಿಯ ಹೆಂಗಸರು ಎದುರಾದಾಗಲೆಲ್ಲ 'ಇನ್ನೂ ಆಗಿಲ್ಲೇನ?' ಎಂದು ಕಣ್ಣಲ್ಲೇ ಕೇಳುವ ವಯಸ್ಸು. ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ನೆವದಿಂದ ತಪ್ಪಿಹೋಗಿದ್ದವು. ಈಗ ಮುಂಡಗೋಡದ ರಾಚಯ್ಯನವರ ಮಗನ ಮಾತು ಬಂದಿತ್ತು. ಹುಡುಗ ಈರಯ್ಯ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕಾರಕೂನ. ನೋಡಲಿಕ್ಕೆ ಲಕ್ಷಣವಂತ, ಗುಣವಂತ. ತೊಡಕಿದ್ದದ್ದು ಅಪ್ಪನದು. ರಾಚಯ್ಯನವರು ಆಚಾರದ ವಿಷಯದಲ್ಲಿ ಕಡ್ಡಿ ಮುರಿದಂಥ ಮನುಷ್ಯ. ಹಿಂದೊಮ್ಮೆ ಹೆಣ್ಣಿನ ಸೋದರಮಾವ ಅಳ್ನಾವರ ಸ್ಟೇಶನ್ನಿನಲ್ಲಿ ಯಾರದೋ ಕೈಯಿಂದ ನೀರು ಕುಡಿದನೆಂದು ಕೇಳಿ, ನಿಶ್ಚಯವಾಗಿದ್ದ ಮದುವೆಯನ್ನೇ ಮುರಿದವರು.

'ಅಲ್ಲಿ ಹೋಗಿ ಬಾಯಿ ಮುಚಗೊಂಡ ಕುಂಡ್ರಿ. ಅವರು ಕೇಳಿದ್ದಕ್ಕಷ್ಟ ಹೂಂ ಅನ್ರಿ' ಎಂದು ಕಾಶೆವ್ವ ಗಂಡನಿಗೆ ಹೇಳಿ ಹೇಳಿ ಕಳಿಸಿದ್ದಳು. ಮಾಸ್ತರರು ಮುಂಡಗೋಡಕ್ಕೆ ಹೋಗಿ ರಾಚಯ್ಯನವರ ಪಡಸಾಲೆಯಲ್ಲಿ ಕೂತು, ಹೆಂಡತಿಯ ಮಾತನ್ನು ಬಹಳ ಹೊತ್ತು ಪಾಲಿಸಿದರು. ಆದರೆ ರಾಚಯ್ಯನವರು ಮಗನ ಹೊಗಳಿಕೆ ಶುರುಮಾಡಿದಾಗ ಅವರ ನಾಲಗೆ ತುರಿಸತೊಡಗಿತು.

'ನಮ್ಮ ಈರಯ್ಯ ಅಂದ್ರ ಸಾಹೇಬಗ ಭಾಳ ಪ್ರೀತಿ ನೋಡ್ರಿ. ಸಂಜಿಮುಂದ ಬಂಗಲೆಕ್ಕ ಕರೀತಾನ. ಇಬ್ಬರೂ ಕೂಡಿ ಅದೇನೋ ಬ್ಯಾಡ್ಮಿಂಟನ್ ಅಂತ, ಅದನ್ನ ಆಡ್ತಾರ. ನಮ್ಮ ಕಡೆ ಯಾರಿಗೂ ಗೊತ್ತಿಲ್ಲ ಬಿಡ್ರಿ ಅದು.'

'ಯಾಕ ಗೊತ್ತಿಲ್ರಿ?' ಅಂದರು ಮಾಸ್ತರರು. 'ಹಳಿಯಾಳದ ಹುಡುಗರಿಗೆ ನಾನ ಕಲಸ್ತೇನಿ.'

ಮಾತು ಹೊರಬಿದ್ದ ಮೇಲೆ ಅವರಿಗೇ ಆಶ್ಚರ್ಯವಾಯಿತು. ಆದರೆ ರಾಚಯ್ಯನವರ ಮುಖ ಅರಳಿಬಿಟ್ಟಿತ್ತು. 'ಹೌದ? ಮತ್ತ ಮೊದಲ ಹೇಳಬಾರದ? ಹುಡುಗನೂ ಅದನ್ನ ಅಂತಿದ್ದ, ಆಟ-ಪಾಟ ತಿಳಿದ ಮನಿತನ ಆದ್ರ ಚಲೋ ಅಂತ. ದೀಪಾವಳಿ ಆದ ಮ್ಯಾಲೆ ಹೆಣ್ಣ ನೋಡಾಕ ಬರ್ತೇವಿ. ಮೊದಲು ನಮ್ಮ ಹುಡುಗ ನಿಮ್ಮ ಹುಡುಗರ ಕೂಡ ಒಂದ ಆಟ ಆಡ್ಲಿ. ಆಮ್ಯಾಲೆ ಹೆಣ್ಣ ನೋಡೂಣು. ಏನಂತೀರಿ?'

ಹೂಂ ಅನ್ನಬೇಕೆಂದು ಕಾಶೆವ್ವ ಹೇಳಿರಲಿಲ್ಲವೇ? ಮಾಸ್ತರರು ಹೂಂ ಅಂದರು.

ಈಗ ಒಂದು ಮಾತು ಹೇಳಬೇಕು. ಮಾಸ್ತರರು ಪೂರಾ ಸುಳ್ಳು ಹೇಳಿರಲಿಲ್ಲ. ಧಾರವಾಡದಲ್ಲಿ ಮಾಸ್ತರಕಿ ಕಲಿಯುತ್ತಿದ್ದಾಗ ಅವರು ಆ ಆಟವನ್ನು ಕಣ್ಣಾರೆ ಕಂಡಿದ್ದರು. ಒಂದು ಸಂಜೆ, ಒಂದು ಬಂಗಲೆಯ ಗೋಡೆಯ ಮೇಲಿಂದ. ಒಳಗೆ ಒಬ್ಬ ಸಾಹೇಬ ಒಂದು ಬುಟ್ಟಿ ತುಂಬ ಪುಕ್ಕದ ಚೆಂಡು ಇಟ್ಟುಕೊಂಡು ಒಬ್ಬನೇ ನಿಂತಿದ್ದ. ಎಡಗೈಯಿಂದ ಒಂದನ್ನು ಕೆಳಗೆ ಬಿಡುತ್ತಿದ್ದ, ಬಲಗೈಯ ಬ್ಯಾಟಿನಿಂದ ಅದನ್ನು ಮೆಲ್ಲಗೆ ಎತ್ತಿ ಬಲೆಯ ಆಚೆ ಹಾಕುತ್ತಿದ್ದ. ಆಚೆ ಯಾರೂ ಇರಲಿಲ್ಲ. ಬುಟ್ಟಿ ಖಾಲಿಯಾದರೆ ಸಿಪಾಯಿ ಎಲ್ಲ ಆರಿಸಿ ತಂದುಕೊಡುತ್ತಿದ್ದ, ಮತ್ತೆ ಅದೇ. ಮಾಸ್ತರರು ಕತ್ತಲಾಗುವತನಕ ನೋಡಿದರು. ಆಟದ ನಿಯಮ ಅವರಿಗೆ ಪೂರ್ತಿ ತಿಳಿದುಹೋಯಿತು. ಆಚೆ ಚೊಕ್ಕಾಗಿ ಬೀಳಬೇಕು, ಅಷ್ಟೇ. ಸಾಹೇಬರ ಆಟಗಳೆಲ್ಲ ಹೀಗೇ, ಒಂದಿಷ್ಟೂ ಅರ್ಥವಿಲ್ಲದವು ಎಂದುಕೊಂಡು ಅವರು ಊಟಕ್ಕೆ ಹೋಗಿದ್ದರು.

ಹೀಗಾಗಿ ಮುಂಡಗೋಡದಿಂದ ಮರಳುವಾಗ ಮಾಸ್ತರರಿಗೆ ಹೆದರಿಕೆ ಏನೂ ಇರಲಿಲ್ಲ. ಸಾಮಾನಿನ ಚಿಂತೆ ಮಾತ್ರ ಇತ್ತು. ಬಡಿಗೇರನಿಂದ ಸಾಗವಾನಿ ಹಲಗೆಯ ಎರಡು ಬ್ಯಾಟು ಮಾಡಿಸಿದರು. ಅವನ್ನು ಎತ್ತಿದರೆ ಹುಡುಗರ ಭುಜ ಜೋತುಬೀಳುತ್ತಿತ್ತು. ಬಲೆಯ ಬದಲು ಮನೆಯ ಹಿಂದಿನ ಬಯಲಲ್ಲಿ ಎರಡು ಗೂಟಕ್ಕೆ ತಮ್ಮ ಹಳೆಯ ಧೋತರ ಕಟ್ಟಿದರು. ಉಳಿದದ್ದು ಪುಕ್ಕದ ಚೆಂಡು. ಬೆಳಗಾವಿಯ ಅಂಗಡಿಗಳಲ್ಲಿ ವಿಚಾರಿಸಿದರೆ, ಯುದ್ಧ ನಡೆದಿದೆ, ವಿಲಾಯತಿಯಿಂದ ಹಡಗೇ ಬರುತ್ತಿಲ್ಲ, ಚೆಂಡೆಲ್ಲಿಂದ ಬರಬೇಕು ಅಂದರು.

'ನಾವ ಮಾಡೂಣು' ಅಂದರು ಮಾಸ್ತರರು. 'ಏನೈತಿ ಅದರಾಗ? ಒಂದ ಬೂಚು, ಸುತ್ತ ಪುಕ್ಕ.'

ಬೂಚು ಸಿಗುವುದು ಬಾಟಲಿಯಲ್ಲಿ. ಬಾಟಲಿ ಸಿಗುವುದು ಸಾಹೇಬರು ಬಂದು ಇಳಿಯುವ ಬಂಗಲೆಯ ಹಿತ್ತಲಲ್ಲಿ. ಹಣೆಗೆ ಮೂರು ಬೆರಳು ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ ಇದ್ದ ಜಂಗಮ ಮಾಸ್ತರರು ಹಾಡುಹಗಲು ಆ ಹಿತ್ತಲಲ್ಲಿ ಬಗ್ಗಿ, ಬ್ರಾಂದಿ ಬಾಟಲಿಗಳ ಬೂಚನ್ನು ಆರಿಸಿ, ಮೂಸಿ ನೋಡಿ ಜೇಬಿಗಿಳಿಸುವುದನ್ನು ಮಾಸ್ತರರ ನೆರೆಮನೆಯ ಮಹಾದೇವಕ್ಕ ದಾರಿಯಲ್ಲಿ ಹೋಗುತ್ತ ನೋಡಿದಳು. ವಾಸನೆ ಹೋಗಿದೆಯೋ ಇಲ್ಲವೋ ಎಂದು ಅವರು ಮೂಸುತ್ತಿದ್ದರು ಅನ್ನುವುದು ಆಕೆಗೆ ಹೇಗೆ ಗೊತ್ತಾಗಬೇಕು, ಪಾಪ.

ಮುಂದಿನದು ಪುಕ್ಕ. ಪಾರಿವಾಳದ್ದು ಹಾಕಿದರೆ ಚೆಂಡು ಅಡ್ಡಾದಿಡ್ಡಿ ಹಾರುತ್ತಿತ್ತು. ಕಾಗೆಯದು ತಂದರೆ ಕಾಶೆವ್ವ ಬಾಗಿಲಲ್ಲೇ ನಿಲ್ಲಿಸಿದಳು. ಕೊನೆಗೆ ಮಾಸ್ತರರು ಎದೆ ಗಟ್ಟಿಮಾಡಿಕೊಂಡು ಸಂತೆಯ ದಿನ, ತಾಂಡಾದಿಂದ ಕೋಳಿ ಮಾರಲು ಬರುತ್ತಿದ್ದ ಗೋಮಿಬಾಯಿಯ ಮುಂದೆ ಹೋಗಿ ನಿಂತರು. ಮೇಲೆ ನೋಡಿದರು, ಕೆಳಗೆ ನೋಡಿದರು, ಧೋತರದ ಚುಂಗು ಬಾಯಿಗೆ ಅಡ್ಡ ಹಿಡಿದರು.

'ಗೋಮಿಬಾಯಿ, ಸ್ವಲ್ಪ ಕೋಳಿ ಪುಕ್ಕ ಬೇಕಾಗಿತ್ತವ್ವ.'

ಗೋಮಿಬಾಯಿಗೆ ಅವರ ವಿಭೂತಿ ಕಂಡಿತು. 'ಕೋಳಿ ಬೇಕೇನ್ರಿ ಅಯ್ಯಾರ?'

'ಕೋಳಿ ಬ್ಯಾಡ! ಪುಕ್ಕ ಅಷ್ಟ.'

'ಪುಕ್ಕ ಅಷ್ಟ ಯಾರ ತಗೋತಾರ್ರಿ?'

'ನಾ ತಗೋತೇನಿ. ಕೋಳಿ ಮಾತ್ರ ಬ್ಯಾಡ.'

ಗೋಮಿಬಾಯಿ ಲೋಕ ಕಂಡ ಹೆಂಗಸು. ದೊಡ್ಡವರು ನಾಚಿಕೊಂಡು ಏನೇನೋ ಅನ್ನುತ್ತಾರೆ, ನಾವು ಅರ್ಥಮಾಡಿಕೊಂಡು ನಡೆಯಬೇಕು ಅನ್ನುವುದು ಆಕೆಗೆ ಗೊತ್ತಿತ್ತು. ಆಕೆ ಸೆರಗಿನಲ್ಲಿ ನಗು ಮುಚ್ಚಿಕೊಂಡು ಅಂದಳು, 'ತಿಳೀತು ಬಿಡ್ರಿ. ನೀವು ನಡೀರಿ. ಯಾರಿಗೂ ಕಾಣಧಂಗ ನಾನ ಮನಿಗೆ ಮುಟ್ಟಸ್ತೇನಿ.'

ಮಾಸ್ತರರಿಗೆ ಬಹಳ ಸಮಾಧಾನವಾಯಿತು. ಎಷ್ಟು ತಿಳಿವಳಿಕೆಯ ಹೆಣ್ಣುಮಗಳು!

ಗೋಮಿಬಾಯಿ ಮಾತಿಗೆ ತಪ್ಪಲಿಲ್ಲ. ಮಧ್ಯಾಹ್ನ ಕಾಶೆವ್ವ ಪೂಜೆಗೆ ಕೂತಾಗ ಅಡಿಗೆಮನೆಯ ಹಿಂದಿನ ಬಾಗಿಲಲ್ಲಿ ಒಂದು ಮುಚ್ಚಿದ ಬುಟ್ಟಿ ಬಂದು ಕೂತಿತು. ಶಂಕ್ರವ್ವ ಮುಚ್ಚಳ ತೆಗೆದಳು. ಒಳಗಿಂದ ಕೊಬ್ಬಿದ ಕರಿ ಹುಂಜವೊಂದು ಎದ್ದು ನಿಂತು, ಈ ಮನೆ ಎಂಥಾದ್ದು ಎಂದು ಸುತ್ತ ನೋಡಿ, ಪೂಜೆಯ ಗಂಟೆಗೆ ಸರಿಯಾಗಿ ಕೂಗಿಬಿಟ್ಟಿತು. ಜಂಗಮರ ಮನೆಯೊಳಗಿಂದ ಹುಂಜದ ಕೂಗು! ಓಣಿಯ ಬಾಗಿಲುಗಳೆಲ್ಲ ತೆರೆದವು.

'ಕಾಶೆವ್ವಾ, ಏನದು?' ಎಂದು ಮಹಾದೇವಕ್ಕ ಓಡಿಬಂದಳು.

'ಏನಿಲ್ರಿ, ನಮ್ಮ ಮನ್ಯಾವ್ರಿಗೆ ಕೆಮ್ಮು' ಅಂದಳು ಕಾಶೆವ್ವ, ಬೇರೇನೂ ಹೊಳೆಯದೆ.

ಹುಂಜ ಮತ್ತೊಮ್ಮೆ ಕೆಮ್ಮಿತು.

ಮಹಾದೇವಕ್ಕ ಒಳ್ಳೆಯವಳು. ಆಕೆ ಕಾಶೆವ್ವನ ಕೈ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು, 'ನನ್ನ ಮುಂದ ಮುಚ್ಚಬ್ಯಾಡವ್ವ. ಬೂಚು ಮೂಸಿದ್ದ ನಾನ ನೋಡೇನಿ. ಯಾರರ ಕೇಳಿದ್ರ ಡಾಕ್ಟರು ಹೇಳ್ಯಾರ ಅಂತ ಹೇಳಿಬಿಡು, ಊರು ಒಪ್ಪತೈತಿ. ಮಗಳ ಲಗ್ನ ಆಗೂತನಕ ಇಷ್ಟ ಗುಟ್ಟಾಗಿರ್ಲಿ. ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ' ಅಂದಳು. ಸಂಜೆಯೊಳಗೆ ಇಡೀ ಓಣಿಯವರು ಯಾರ ಮುಂದೂ ಬಾಯಿ ಬಿಡುವುದಿಲ್ಲವೆಂದು ಒಬ್ಬರಿಗೊಬ್ಬರು ಮಾತುಕೊಟ್ಟಿದ್ದರು.

ಹುಂಜವನ್ನು ವಾಪಸು ಕಳಿಸಿದ್ದಾಯಿತು. ಆದರೆ ಅದರ ಬಾಲದ ಪುಕ್ಕಗಳನ್ನು ಮಾಸ್ತರರು ಮೊದಲೇ ಕಿತ್ತಿಟ್ಟುಕೊಂಡಿದ್ದರು. ಬೋಳುಬಾಲದ ಹುಂಜ ಬುಟ್ಟಿಯಲ್ಲಿ ಮರಳಿದ್ದನ್ನು ನೋಡಿ ಗೋಮಿಬಾಯಿ ಬಹಳ ಹೊತ್ತು ವಿಚಾರ ಮಾಡಿದಳು. 'ಅಯ್ಯಾರು ಬಾಲ ಅಷ್ಟ ತಿಂತಾರ ಕಾಣಸ್ತೈತಿ' ಎಂದು ಕೊನೆಗೆ ನಿರ್ಧಾರಕ್ಕೆ ಬಂದಳು.

ಇತ್ತ ತರಬೇತಿ ಶುರುವಾಯಿತು. ಸಾಲಿಯ ಹುಡುಗರಲ್ಲಿ ಗಟ್ಟಿಮುಟ್ಟಾದ ಈಶಪ್ಪ ಮತ್ತು ದ್ಯಾಮಪ್ಪ ಇಬ್ಬರನ್ನು ಮಾಸ್ತರರು ಆರಿಸಿದರು. ಹೇಳಿದ್ದನ್ನು ಕೇಳುವ ಹುಡುಗರು, ಹೇಳದ್ದನ್ನು ಮಾಡುವವರಲ್ಲ. ಧೋತರದ ಆಚೆ ನೆಲದ ಮೇಲೆ ಒಂದು ಮೊರ ಇಟ್ಟರು. ಚೆಂಡು ಹೋಗಿ ಅದರೊಳಗೇ ಬೀಳಬೇಕು.

'ಮೊಣಕೈ ಸಡ್ಲ ಬಿಡ್ರಿ! ಚೆಂಡನ್ನ ಒಗೀಬ್ಯಾಡ್ರಿ, ಸುಮ್ಮನ ಕೈ ಬಿಡ್ರಿ. ಟೊಂಕದ ಕೆಳಗ ಬಂದಾಗ ಮೆಲ್ಲಕ ಎತ್ತಿ ಕೊಡ್ರಿ. ಹೊಡೀಬ್ಯಾಡ್ರಲೇ, ಕೊಡ್ರಿ! ಹಿರ್ಯಾರಿಗೆ ಪ್ರಸಾದ ಕೊಟ್ಟಂಗ ಕೊಡ್ರಿ!'

ಬೆಳಿಗ್ಗೆ ಸಾಲಿಗೆ ಮೊದಲು, ಸಂಜೆ ಸಾಲಿ ಬಿಟ್ಟ ಮೇಲೆ, ಬಿಡು, ಎತ್ತು, ಕೊಡು. ಬಿಡು, ಎತ್ತು, ಕೊಡು. ಮೊದಮೊದಲು ಚೆಂಡು ಧೋತರಕ್ಕೆ ಬಡಿಯಿತು, ಮಹಾದೇವಕ್ಕನ ಅಂಗಳಕ್ಕೆ ಹೋಯಿತು, ಒಮ್ಮೆ ಆಕೆಯ ಸಾರಿನಲ್ಲಿ ಬಿತ್ತು. ಸಾರಿನಿಂದ ಕೋಳಿ ಪುಕ್ಕ ಎತ್ತಿದ ಮಹಾದೇವಕ್ಕ ಅಂದು ಉಪವಾಸ ಮಾಡಿದಳು. ಆದರೂ ಗುಟ್ಟು ಬಿಟ್ಟುಕೊಡಲಿಲ್ಲ. 'ಅಷ್ಟ ತಿಂದ್ರ ಅರಗಬೇಕಲ್ಲ, ಅದಕ್ಕ ಹುಡುಗರನ್ನ ಕಟಗೊಂಡ ಕೈ-ಕಾಲು ಬೀಸ್ತಾರ' ಎಂದು ಬಂದವರಿಗೆ ತಾನೇ ತಿಳಿಸಿ ಹೇಳಿದಳು.

ದಿನ ಕಳೆದಂತೆ ಹುಡುಗರ ಕೈ ಪಳಗಿತು. ಚೆಂಡು ಧೋತರದ ಅಂಚನ್ನು ಸವರಿಕೊಂಡು ಹೋಗಿ ಮೊರದ ನಡುವೆಯೇ ಬೀಳತೊಡಗಿತು. ಪಳಗಿದ್ದು ಎಷ್ಟೆಂದರೆ ಕೈಗೆ ಬೇರೆ ಕೆಲಸವೇ ಮರೆತುಹೋಯಿತು. ದ್ಯಾಮಪ್ಪನ ಅವ್ವ ಉಂಡಿ ಕೊಟ್ಟರೆ ಅವನ ಎಡಗೈ ಅದನ್ನು ಕೆಳಗೆ ಬಿಡುತ್ತಿತ್ತು, ಬಲಗೈ ಎತ್ತುತ್ತಿತ್ತು, ಉಂಡಿ ಗೋಡೆ ದಾಟಿ ಹೋಗುತ್ತಿತ್ತು. ಆಕೆ ಮಾಸ್ತರರ ಮನೆಗೆ ಬಂದು ಜಗಳಾಡಿ ಹೋದಳು. ಮಾಸ್ತರರು ಉಂಡಿ ಎಲ್ಲಿ ಬಿತ್ತೆಂದು ಮಾತ್ರ ಕೇಳಿದರು.

ಒಂದು ದಿನ ಈಶಪ್ಪ ತಲೆ ಕೆರೆದುಕೊಂಡ. 'ಮಾಸ್ತರ್ರ, ಅದು ಆ ಕಡೆ ಬಿದ್ದ ಮ್ಯಾಲೆ ಏನ ಮಾಡೂದ್ರಿ?'

'ಇನ್ನೊಂದ ಕೊಡೂದು.'

'ಆಮ್ಯಾಲ್ರಿ?'

'ಮತ್ತೊಂದ ಕೊಡೂದು. ಎಷ್ಟ ಪ್ರಶ್ನೆ ಕೇಳ್ತೀಲೆ, ನಿನ್ನ ಹಂಗ ಧಾರವಾಡದಾಗ ಯಾರೂ ಕೇಳ್ಲಿಲ್ಲ' ಎಂದು ಗದರಿಸಿದರು ಮಾಸ್ತರರು.

ದೀಪಾವಳಿ ಆಯಿತು. ರಾಚಯ್ಯನವರು ಚಕ್ಕಡಿಯಲ್ಲಿ ಮಗನೊಂದಿಗೆ ನೇರ ಮನೆಯ ಹಿಂದಿನ ಬಯಲಿಗೇ ಬಂದಿಳಿದರು. ಶರಣು ಅಂದರೆ ಶರಣು ಅನ್ನಲಿಲ್ಲ. ಕಾಶೆವ್ವ ತಂಬಿಗೆಯಲ್ಲಿ ನೀರು ತಂದಳು, ಮುಟ್ಟಲಿಲ್ಲ. ಹಳಿಯಾಳದ ಓಣಿ ಯಾರ ಮುಂದೂ ಹೇಳದ ಗುಟ್ಟು ಮುಂಡಗೋಡದ ಸಂತೆಗೆ ಎಂದೋ ಮುಟ್ಟಿತ್ತು. ಒಳಗೆ ಇಳಕಲ್ಲ ಸೀರೆ ಉಟ್ಟು ಕೂತಿದ್ದ ಶಂಕ್ರವ್ವ ಬಾಗಿಲ ಸಂದಿಯಿಂದ ಆ ತಂಬಿಗೆಯನ್ನು ನೋಡಿದಳು. ಇದೂ ಹೋಯಿತು ಅಂದುಕೊಂಡಳು.

'ಮಾಸ್ತರ, ಒಂದ ಮಾತು ಕೇಳ್ತೇನಿ' ಅಂದರು ರಾಚಯ್ಯನವರು. 'ನಿಮ್ಮ ಮನ್ಯಾಗ ಕೋಳಿ ಬಂದಿತ್ತೋ ಇಲ್ಲೋ?'

'ಬಂದಿತ್ರಿ. ಆದ್ರ ಪುಕ್ಕದ ಸಲುವಾಗಿ. ಆಟಕ್ಕರೀ!' ಮಾಸ್ತರರು ಓಡಿಹೋಗಿ ತಾವು ಮಾಡಿದ ಚೆಂಡುಗಳನ್ನು ಬೊಗಸೆಯಲ್ಲಿ ತಂದರು. 'ನೋಡ್ರಿ. ಇದರ ಮ್ಯಾಲೆ ಆಣಿ.'

ರಾಚಯ್ಯನವರು ಎರಡು ಹೆಜ್ಜೆ ಹಿಂದೆ ಸರಿದರು. 'ಛೀ ಛೀ! ಜಂಗಮನ ಕೈಯಾಗ ಕೋಳಿ ಪುಕ್ಕ! ನಮ್ಮ ಹುಡುಗನೂ ಆಡ್ತಾನಲ್ಲ, ಅವನೇನ ಇಂಥಾದ್ದು ಹಿಡೀತಾನ? ಲೇ ಈರಯ್ಯಾ, ನಿನ್ನ ಚೆಂಡು ತೋರಸಪಾ ಇವರಿಗೆ.'

ಈರಯ್ಯ ಚೀಲವನ್ನು ಬೆನ್ನ ಹಿಂದೆ ಸರಿಸಿದ. ಅಪ್ಪ ಇನ್ನೊಮ್ಮೆ ಹೇಳಿದ ಮೇಲೆ ಚೀಲಕ್ಕೆ ಕೈ ಹಾಕಿ, ವಿಭೂತಿ ಗಟ್ಟಿಯ ಪಕ್ಕದಲ್ಲಿದ್ದ ಒಂದು ಉದ್ದನೆಯ ಡಬ್ಬಿ ತೆಗೆದ. ಅದರಿಂದ ಬೆಳ್ಳಗಿನ ವಿಲಾಯತಿ ಚೆಂಡು ಹೊರಬಂತು.

'ಹಾಂ! ಎಷ್ಟ ಸ್ವಚ್ಛ ಐತಿ ನೋಡ್ರಿ' ಎಂದು ರಾಚಯ್ಯನವರು ಅದನ್ನು ಅಂಗೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದರು. 'ಇದು ಯಾತರದಪಾ? ಹತ್ತೀದೇನು?'

'ಬಾತಿನ ಪುಕ್ಕರಿ ಅಪ್ಪಾರ' ಅಂದ ಈರಯ್ಯ, ನೆಲ ನೋಡುತ್ತ.

ಆಟ ನೋಡಲು ಬಯಲಿನಲ್ಲಿ ಸೇರಿದ್ದ ಓಣಿಯ ಮಂದಿಯೆಲ್ಲ ಒಂದು ಹೆಜ್ಜೆ ಹತ್ತಿರ ಸರಿದರು. ರಾಚಯ್ಯನವರು ಅಂಗೈಯನ್ನು ನೋಡಿದರು, ಮಗನ ಚೀಲವನ್ನು ನೋಡಿದರು, ಆಮೇಲೆ ಆಕಾಶವನ್ನು ನೋಡಿದರು. ಬಾತು ಕೋಳಿಗಿಂತ ಮೇಲೋ ಕೆಳಗೋ ಎಂದು ಯಾವ ಹಿರಿಯರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಚೆಂಡನ್ನು ಮೆಲ್ಲಗೆ ಮಗನ ಕೈಗೆ ಕೊಟ್ಟು, ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡರು.

'ಆಟ ಸುರು ಆಗ್ಲಿ' ಅಂದರು.

ಧೋತರದ ಒಂದು ಕಡೆ ಈರಯ್ಯ ತಂತಿ ಬಿಗಿದ ಬ್ಯಾಟು ಹಿಡಿದು ನಿಂತ. ಇನ್ನೊಂದು ಕಡೆ ಈಶಪ್ಪ ಸಾಗವಾನಿ ಹಲಗೆ ಎತ್ತಿ ನಿಂತ. ಬಿಡು, ಎತ್ತು, ಕೊಡು. ಚೆಂಡು ಧೋತರದ ಅಂಚನ್ನು ಸವರಿಕೊಂಡು ಇಳಿಯಿತು. ಅಂಥ ಸರ್ವಿಸು ಈರಯ್ಯ ದಾಂಡೇಲಿಯಲ್ಲೂ ಕಂಡಿರಲಿಲ್ಲ. 'ಶಾಬಾಶ್!' ಅನ್ನುತ್ತಲೇ ಮುಂದೆ ಹಾರಿ, ಹೇಗೋ ಎತ್ತಿ, ತಿರುಗಿ ಹೊಡೆದ.

ಚೆಂಡು ಬಂದು ಈಶಪ್ಪನ ಎದೆಗೆ ಬಡಿದು ಕೆಳಗೆ ಬಿತ್ತು. ಈಶಪ್ಪ ಅದನ್ನು ನೋಡಿದ. ಮಾಸ್ತರರನ್ನು ನೋಡಿದ. ಅವನ ಕಣ್ಣಲ್ಲಿ ನೀರು ಬಂತು. 'ಮಾಸ್ತರ್ರ, ನಂದು ಸರಿ ಬಂದಿದ್ದಿಲ್ಲೇನ್ರಿ? ತಿರುಗಿ ಕಳಿಸಿದ್ರಲ್ರಿ!'

ಮಾಸ್ತರರು ಬಯಲ ನಡುವೆ ಬಂದು ನಿಂತರು. 'ತಪ್ಪು! ಇದು ತಪ್ಪು! ಹುಡುಗ ಚೊಕ್ಕಾಗಿ ಕೊಟ್ಟಾನ. ತಿರುಗಿ ಹೊಡೀತಾರೇನ್ರಿ ಯಾರರ?'

'ಹೊಡೀಬೇಕ್ರಿ' ಅಂದ ಈರಯ್ಯ ಗಾಬರಿಯಾಗಿ. 'ಆಟನ ಹಂಗ ಐತಿ. ಅವರು ಕೊಡೂದು, ನಾವು ತಿರುಗಿ ಹೊಡೆಯೂದು.'

ಮಂದಿಯಲ್ಲಿ ಗುಜುಗುಜು ಎದ್ದಿತು. ಮಹಾದೇವಕ್ಕ ಮುಂದೆ ಬಂದಳು. ಆಟ ಆಕೆಗೆ ತಿಳಿಯದು, ನಡಾವಳಿ ತಿಳಿಯುತ್ತದೆ. 'ಏನ ತಮ್ಮಾ, ಜಂಗಮರ ಮನ್ಯಾಗ ಕೊಟ್ಟದ್ದನ್ನ ಎರಡೂ ಕೈಲೆ ತಗೊಂಡ ಕಣ್ಣಿಗೆ ಒತ್ತಿಕೋತಾರ. ತಿರುಗಿ ಮಾರಿಗೆ ಒಗೀತಾರೇನ? ಇದ್ಯಾವ ಊರ ರೀತಿ?'

'ಅಲ್ರಿ ಅಕ್ಕಾರ, ಇದು ಪ್ರಸಾದ ಅಲ್ರಿ...'

'ಕೊಟ್ಟದ್ದು ಕೊಟ್ಟದ್ದನಪಾ.'

ಈರಯ್ಯ ಸೋತು ಅಪ್ಪನ ಕಡೆ ತಿರುಗಿದ. ಆದರೆ ರಾಚಯ್ಯನವರ ಮುಖ ಬಿಳಿಚಿಕೊಂಡಿತ್ತು. ಅವರು ಬೇರೆಯೇ ಏನೋ ವಿಚಾರದಲ್ಲಿದ್ದರು.

'ಈರಯ್ಯಾ. ದಾಂಡೇಲಿಯೊಳಗ ಸಾಹೇಬ ಹಿಂಗ ಎತ್ತಿ ಕೊಡ್ತಾನೇನು?'

'ಹೌದ್ರಿ ಅಪ್ಪಾರ.'

'ನೀ ಏನ ಮಾಡ್ತೀ?'

'ತಿರುಗಿ ಹೊಡೀತೇನ್ರಿ.'

'ಜೋರ ಹೊಡೀತೀಯೇನು?'

'ಅವರಿಗೆ ಸಿಗಧಂಗ ಹೊಡೀತೇನ್ರಿ' ಅಂದ ಈರಯ್ಯ, ಇಲ್ಲಾದರೂ ತನ್ನ ಮಾನ ಉಳಿಯಲೆಂದು.

ರಾಚಯ್ಯನವರು ತಲೆಯ ಮೇಲೆ ಕೈ ಹೊತ್ತು ಚಕ್ಕಡಿಯ ಮುಂದಿನ ಮೂಕಿಮರದ ಮೇಲೆ ಕೂತುಬಿಟ್ಟರು. 'ಅಯ್ಯೋ ನನ್ನ ಶಿವನ! ಅನ್ನ ಕೊಡೂ ಸಾಹೇಬ ಪ್ರೀತಿಲೆ ಎತ್ತಿ ಕೊಟ್ಟದ್ದನ್ನ ಅವನ ಮಾರಿಗೇ ತಿರುಗಿ ಹೊಡೀತಿ? ಅದೂ ಅವಗ ಸಿಗಧಂಗ? ನೌಕರಿ ಉಳೀತೈತೇನಲೆ ನಿಂದು? ಇಷ್ಟ ದಿನ ಹೆಂಗ ಉಳದೈತಿ?'

'ಸಾಹೇಬ ನಗ್ತಾನ್ರಿ ಅಪ್ಪಾರ...'

'ನಗ್ತಾನ! ಸಾಹೇಬ ಮಂದಿ ನಗಕೋತನ ಮನಿಗೆ ಕಳಸ್ತಾರ. ನಿನಗೇನ ಗೊತ್ತು!' ರಾಚಯ್ಯನವರು ಎದ್ದು ಬಂದು ಮಾಸ್ತರರ ಎರಡೂ ಕೈ ಹಿಡಿದುಕೊಂಡರು. 'ಮಾಸ್ತರ, ನೀವ ಖರೇ ಆಟ ಕಲಸೀರಿ. ಕೊಡಬೇಕು, ಸುಮ್ಮನ ನಿಲ್ಲಬೇಕು. ಇವಗೂ ಸ್ವಲ್ಪ ಹಿಂಗ ಕಲಸ್ರಿ. ತಿಳಿವಳಿಕಿ ಹೇಳಾವ್ರು ಯಾರೂ ಇಲ್ಲ ಇವಗ. ನಿಮ್ಮಂಥಾ ಬೀಗರು ಸಿಕ್ರ ಹುಡುಗ ಒಂದ ದಾರಿಗೆ ಹತ್ತತಾನ.'

ಬೀಗರು! ಕಾಶೆವ್ವ ಕೈಯಲ್ಲಿದ್ದ ತಂಬಿಗೆ ಸಮೇತ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟಳು. ರಾಚಯ್ಯನವರೇ ಹೋಗಿ ತಂಬಿಗೆ ಇಸಿದುಕೊಂಡು ಗಟಗಟ ನೀರು ಕುಡಿದರು. ಅವರಿಗೆ ನಿಜಕ್ಕೂ ಬಾಯಿ ಆರಿತ್ತು.

ಮಾಸ್ತರರಿಗೆ ಏನಾಯಿತೆಂದು ಪೂರ್ತಿ ತಿಳಿಯಲಿಲ್ಲ. ಆದರೆ ಗೊತ್ತಿಲ್ಲ ಅನ್ನುವುದು ಅವರ ಪದ್ಧತಿಯಲ್ಲವಲ್ಲ. ಗಂಟಲು ಸರಿಮಾಡಿಕೊಂಡು, 'ಕಲಸೂಣಂತ. ಏನ ಕಠಿಣ ಐತಿ ಅದರಾಗ?' ಅಂದರು.

ಈರಯ್ಯನ ಸ್ಥಿತಿ ಯಾರಿಗೂ ಬೇಡ. ದಾಂಡೇಲಿಯಲ್ಲಿ ಸಾಹೇಬನನ್ನೇ ಸೋಲಿಸಿದವನು ಇಲ್ಲಿ ಆಟ ಬಾರದವನಾಗಿ ನಿಂತಿದ್ದ. ತಾನು ಮರುಳೋ ಈ ಊರು ಮರುಳೋ ಎಂದು ಸುತ್ತ ನೋಡಿದ. ಆಗ ಹಿತ್ತಲ ಬಾಗಿಲ ಸಂದಿಯಲ್ಲಿ ಶಂಕ್ರವ್ವ ಕಂಡಳು. ಸೆರಗನ್ನು ಬಾಯಿಗೆ ತುರುಕಿಕೊಂಡು, ಭುಜ ಅಲುಗುವಂತೆ ನಗುತ್ತಿದ್ದಳು. ಇಡೀ ಬಯಲಿನಲ್ಲಿ ವಿಷಯ ತಿಳಿದವಳು ಅವಳೊಬ್ಬಳೇ ಅನ್ನಿಸಿತು ಈರಯ್ಯನಿಗೆ. ಅವನಿಗೂ ನಗು ಬಂತು. ತಂತಿಯ ಬ್ಯಾಟು ಕೆಳಗಿಟ್ಟು, ಈಶಪ್ಪನ ಕೈಯಿಂದ ಸಾಗವಾನಿ ಹಲಗೆ ಇಸಿದುಕೊಂಡ.

'ತಪ್ಪಾತ್ರಿ' ಅಂದ. 'ಹೆಂಗ ಕೊಡಬೇಕು, ನೀವ ಹೇಳ್ರಿ, ಮಾವಾರ.'

'ಮೊಣಕೈ ಸಡ್ಲ ಬಿಡ್ರಿ' ಅಂದರು ಮಾಸ್ತರರು, ಕಣ್ಣೊರೆಸಿಕೊಳ್ಳುತ್ತ. 'ಬಿಡ್ರಿ, ಎತ್ರಿ, ಕೊಡ್ರಿ.'

ಈರಯ್ಯ ಕೋಳಿ ಪುಕ್ಕದ ಚೆಂಡನ್ನು ಕೈಬಿಟ್ಟ, ಎತ್ತಿದ, ಕೊಟ್ಟ. ಅದು ಧೋತರ ದಾಟಿತು, ಮೊರ ದಾಟಿತು, ಕಟ್ಟೆ ದಾಟಿತು, ಹೋಗಿ ಬಾಗಿಲ ಸಂದಿಯಲ್ಲಿ ಶಂಕ್ರವ್ವನ ಕಾಲ ಬಳಿ ಬಿತ್ತು. ಅವಳು ಬಗ್ಗಿ ಎತ್ತಿಕೊಂಡಳು. ಮಂದಿಯೆಲ್ಲ ಅವಳನ್ನೇ ನೋಡುತ್ತಿದ್ದರು, ರಾಚಯ್ಯನವರು ಕೂಡ. ಅವಳು ಚೆಂಡನ್ನು ಒಮ್ಮೆ ತಿರುಗಿಸಿ ನೋಡಿದಳು, ಈರಯ್ಯನನ್ನು ಒಮ್ಮೆ ನೋಡಿದಳು, ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದಳು. ತಿರುಗಿ ಕೊಡಲಿಲ್ಲ.